ಹಿರಿಯರ ಮನಸ್ಸು ಕುಗ್ಗಿದಾಗ ಎಲ್ಲಿ ತೋರಿಸಬೇಕು, ಹೇಗೆ ತೋರಿಸಬೇಕು

ವಯಸ್ಸಾದವರು ‘ನನಗೆ ಭಯ, ಬೇಜಾರು’ ಎಂದು ಬಾಯಿಬಿಟ್ಟು ಹೇಳುವುದು ಕಡಿಮೆ. ಎದೆ ಡವಡವ, ತಲೆ ಭಾರ, ಹೊಟ್ಟೆ ಉಬ್ಬರ, ಬೆಳಗಿನ ಜಾವ ಮೂರಕ್ಕೇ ಎಚ್ಚರ, ಊಟ ಸೇರದು ಎನ್ನುತ್ತಾರೆ. ಇಸಿಜಿ, ಸ್ಕ್ಯಾನ್ ಎಲ್ಲ ನಾರ್ಮಲ್ ಎಂದು ಬಂದರೂ ಡಾಕ್ಟರ್ ಬದಲಿಸುವುದರಲ್ಲೇ ತಿಂಗಳುಗಳು ಹೋಗುತ್ತವೆ. ಇದರ ಜೊತೆಗೆ ಪೂಜೆ, ಧಾರಾವಾಹಿ, ಮೊಮ್ಮಕ್ಕಳು ಯಾವುದೂ ಬೇಡವಾಗಿ ಎರಡು ವಾರ ಕಳೆದಿದ್ದರೆ ‘ವಯಸ್ಸಾಯ್ತಲ್ಲ’ ಎಂದು ಸುಮ್ಮನಾಗಬೇಡಿ, ಅದು ಖಿನ್ನತೆ, ಅಂದರೆ ಮನಸ್ಸು ಕುಗ್ಗುವ ಕಾಯಿಲೆ, ಇರಬಹುದು.

ಮೊದಲು ಮಾಮೂಲಿ ಡಾಕ್ಟರ ಬಳಿಗೇ ಹೋಗಿ. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್, ಶುಗರ್, ಸೋಡಿಯಂ ಪರೀಕ್ಷೆ ಆಗಬೇಕೇ ಎಂದು ಕೇಳಿ. ಇವುಗಳಲ್ಲಿನ ಏರುಪೇರೂ ಮನಸ್ಸನ್ನು ಕುಗ್ಗಿಸುತ್ತದೆ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ನೋವಿನ ಗುಳಿಗೆ, ನಾಟಿ ಔಷಧಿ ಸಹಿತ, ಒಂದೇ ಚೀಲಕ್ಕೆ ಹಾಕಿಕೊಂಡು ಹೋಗಿ. ಯಾವಾಗಿನಿಂದ ತೊಂದರೆ, ನಿದ್ದೆ ಎಷ್ಟು, ತೂಕ ಇಳಿದಿದೆಯೇ, ಮನೆಯಲ್ಲಿ ಸಾವು ಅಥವಾ ಊರು ಬದಲಾವಣೆ ಆಗಿದೆಯೇ ಎಂದು ಅರ್ಧ ಹಾಳೆಯಲ್ಲಿ ಬರೆದುಕೊಳ್ಳಿ. ಒಳಗೆ ಹೋದ ಮೇಲೆ ಮಗನೋ ಸೊಸೆಯೋ ಎಲ್ಲ ತಾವೇ ಹೇಳಿಬಿಡುತ್ತಾರೆ. ಹಿರಿಯರಿಗೆ ಡಾಕ್ಟರ ಜೊತೆ ಐದು ನಿಮಿಷ ಒಂಟಿಯಾಗಿ ಮಾತಾಡಲು ಬಿಡಿ.

‘ನನಗೇನು ಹುಚ್ಚಾ?’ ಎಂದರೆ ವಾದಕ್ಕೆ ಇಳಿಯಬೇಡಿ. ‘ನಿದ್ದೆ ಬರ್ತಿಲ್ಲ ಅಂತೀರಲ್ಲ, ಅದನ್ನ ತೋರಿಸೋಣ’ ಎನ್ನಿ. ಅದು ಸುಳ್ಳೂ ಅಲ್ಲ.

ಮನೋವೈದ್ಯರು ಹತ್ತಿರದಲ್ಲಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ದಿನವಿಡೀ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮೊದಲು ಆಪ್ತಸಮಾಲೋಚಕರು ಮಾತಾಡುತ್ತಾರೆ, ಬೇಕಾದರೆ ತಜ್ಞರಿಗೆ ದಾಟಿಸುತ್ತಾರೆ. ಮನೆಯವರೂ ಕರೆ ಮಾಡಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಡಿ ಮಂಗಳವಾರ ತಜ್ಞರು ಬರುವ ವ್ಯವಸ್ಥೆಯಿದೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ವಿಚಾರಿಸಿಕೊಂಡೇ ಹೊರಡಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯದ ದೊಡ್ಡ ಆಸ್ಪತ್ರೆಗಳು. ಒಂಟಿತನ, ಪಿಂಚಣಿ ತೊಡಕು, ಮನೆಯಲ್ಲಿ ಹಿಂಸೆಯಂಥ ವಿಷಯಕ್ಕೆ ಹಿರಿಯರ ಸಹಾಯವಾಣಿ 14567 ಇದೆ.

ಚಿಕಿತ್ಸೆ ಕೆಡುವುದು ಸಾಮಾನ್ಯವಾಗಿ ಮಾತ್ರೆ ವಿಷಯದಲ್ಲಿ. ಖಿನ್ನತೆಯ ಮಾತ್ರೆ ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ ಬೇಕು, ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಹತ್ತು ದಿನಕ್ಕೆ ‘ಏನೂ ಗುಣ ಕಾಣಲಿಲ್ಲ’ ಎಂದು ಬಿಡುವವರೇ ಬಹಳ. ಶುರುವಿನ ವಾರಗಳಲ್ಲಿ ಗೊಂದಲ, ತೂರಾಟ ಕಂಡರೆ ಅದೇ ದಿನ ಡಾಕ್ಟರಿಗೆ ತೋರಿಸಿ: ಕೆಲವರಲ್ಲಿ, ಅದರಲ್ಲೂ ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ನುಂಗುವವರಲ್ಲಿ, ರಕ್ತದ ಸೋಡಿಯಂ ಕುಸಿಯುತ್ತದೆ. ಮೆಡಿಕಲ್ ಶಾಪಿನಿಂದ ಅಲ್ಪ್ರಜೋಲಾಂ ತಂದು ನಿದ್ದೆಗೆ ಕೊಡುವುದಂತೂ ಬೇಡ. ರಾತ್ರಿ ಬಚ್ಚಲಿಗೆ ಎದ್ದಾಗ ಬಿದ್ದು ಸೊಂಟ ಮುರಿಯುವುದು, ಮರೆವು, ಚಟ ಮೂರೂ ಅದರ ಹಿಂದೆ ಬರುತ್ತವೆ. ಈಗಾಗಲೇ ಅಭ್ಯಾಸವಾಗಿದ್ದರೆ ಒಮ್ಮೆಗೇ ನಿಲ್ಲಿಸದೆ ಡಾಕ್ಟರು ಹೇಳಿದಂತೆ ಇಳಿಸಬೇಕು.

‘ಬದುಕಿ ಏನು, ನಿಮಗೆಲ್ಲ ಭಾರ’ ಎನ್ನತೊಡಗಿದರೆ ‘ಸಾಯಬೇಕು ಅನಿಸ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರೇ ಇರಲು ಬಿಡಬೇಡಿ, ಕೀಟನಾಶಕ, ಮಾತ್ರೆ ಡಬ್ಬಿ ಬೀಗದೊಳಗೆ ಇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ, ತುರ್ತಿಗೆ 112. ಅನ್ನ ನೀರು ಬಿಟ್ಟು ಮಲಗಿದವರಿಗೂ ಇದೇ ಕ್ರಮ.