ಡಿಕಾಕ್ಷನ್ ಹಾಕುವ ಹೊತ್ತಿಗೊಂದು ಹೊಸ ಅಭ್ಯಾಸ

ರಾತ್ರಿ ಕಾಫಿ ಫಿಲ್ಟರಿಗೆ ಪುಡಿ ಹಾಕಿ, ಬಿಸಿನೀರು ಸುರಿದು ಮಲಗುವವರನ್ನು 'ಎಂಥ ಶಿಸ್ತು ಮಾರಾಯ್ರೆ ನಿಮ್ಮದು' ಎಂದು ಯಾರೂ ಹೊಗಳುವುದಿಲ್ಲ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯಲು ಯಾರೂ ಸಂಕಲ್ಪ ತೊಡುವುದಿಲ್ಲ. ಕೈ ತಾನಾಗಿ ಹೋಗುತ್ತದೆ. ಅದೇ ಜನ ಜನವರಿ 1ಕ್ಕೆ ವಾಕಿಂಗ್ ಶುರು ಮಾಡಿ, ಸಂಕ್ರಾಂತಿಯ ಎಳ್ಳು ಬೀರುವಷ್ಟರಲ್ಲಿ ಬಿಟ್ಟಿರುತ್ತಾರೆ. ಆಮೇಲೆ 'ನಮ್ಮದು ಬರೀ ಆರಂಭಶೂರತ್ವ' ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಬೈದುಕೊಂಡು ಏನೂ ಉಪಯೋಗವಿಲ್ಲ. ರಂಗೋಲಿಗೆ ಒಂದು ಜಾಗ, ಒಂದು ಹೊತ್ತು ಅಂತ ಇದೆ. ವಾಕಿಂಗಿಗೆ ಅವೆರಡೂ ಇರಲಿಲ್ಲ, ಅಷ್ಟೇ.

ಅಮೆರಿಕದ ಮನಃಶಾಸ್ತ್ರಜ್ಞೆ ವೆಂಡಿ ವುಡ್ ಮತ್ತು ಸಂಗಡಿಗರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿ ಪಾಲ್ಗೊಂಡವರು ಗಂಟೆಗೊಮ್ಮೆ ತಾವು ಏನು ಮಾಡುತ್ತಿದ್ದೇವೆ, ಏನು ಯೋಚಿಸುತ್ತಿದ್ದೇವೆ ಎಂದು ಬರೆದಿಟ್ಟರು. ದಿನದ ಕೆಲಸಗಳಲ್ಲಿ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ, ಹೆಚ್ಚುಕಡಿಮೆ ದಿನಾ ಅದೇ ಜಾಗದಲ್ಲಿ ಮಾಡುವಂಥವೇ ಆಗಿದ್ದವು. ಮಾಡುವಾಗ ತಲೆ ಎಷ್ಟೋ ಸಲ ಬೇರೆಲ್ಲೋ ಇರುತ್ತಿತ್ತು. ಅಂದರೆ ಹೊಸ ಅಭ್ಯಾಸವನ್ನು ಕಟ್ಟಲು ಬೇಕಾದ ಗೂಟಗಳು ನಮ್ಮ ದಿನದಲ್ಲಿ ಆಗಲೇ ಇವೆ.

ಮೊದಲು ಒಂದನ್ನು ಆರಿಸಿ

5 ಗಂಟೆಗೆ ಏಳಬೇಕು, ಯೋಗ ಮಾಡಬೇಕು, ಸಕ್ಕರೆ ಬಿಡಬೇಕು, ಡೈರಿ ಬರೀಬೇಕು ಅಂತ ಪಟ್ಟಿ ಮಾಡಿದರೆ ಒಂದೂ ನಿಲ್ಲುವುದಿಲ್ಲ. ನನ್ನನ್ನು ಕೇಳಿದರೆ, ನೆಮ್ಮದಿ ಬೇಕೆನ್ನುವವರು ಮೂರರಲ್ಲಿ ಒಂದನ್ನು ಹಿಡಿಯಬೇಕು: ಹೊತ್ತಿಗೆ ನಿದ್ದೆ, ಸ್ವಲ್ಪ ನಡಿಗೆ, ಬೇಕಾದವರ ಜೊತೆ ಮಾತು. ಮೂರನೆಯದನ್ನು ಯಾರೂ ಅಭ್ಯಾಸ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಶುರುವಾಗಿ ಇನ್ನೂ ನಡೆಯುತ್ತಿರುವ ಅಧ್ಯಯನವೊಂದಿದೆ. ಇಳಿವಯಸ್ಸಿನಲ್ಲಿ ಸುಖವಾಗಿ, ಆರೋಗ್ಯವಾಗಿ ಇದ್ದವರ ಬದುಕಿನಲ್ಲಿ ಅದಕ್ಕೆ ಎದ್ದು ಕಂಡದ್ದು ಒಳ್ಳೆಯ ಸಂಬಂಧಗಳು.

ಆಮೇಲೆ ಗೂಟ ಹುಡುಕಿ

ದಿನಾ ತಪ್ಪದೆ ಮಾಡುವ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಹಲ್ಲುಜ್ಜುವುದು, ಹಾಲು ಕಾಯಿಸುವುದು, ಕುಕ್ಕರ್ ಇಡುವುದು, ಗೇಟಿಗೆ ಬೀಗ ಹಾಕುವುದು. ಹೊಸದನ್ನು ಇವುಗಳಲ್ಲಿ ಒಂದಕ್ಕೆ ಕಟ್ಟಿ. 'ಇನ್ಮೇಲೆ ವಾಕಿಂಗ್ ಹೋಗ್ತೀನಿ' ಎಂದರೆ ಸಾಲದು. 'ಊಟದ ತಟ್ಟೆ ಸಿಂಕಿಗೆ ಹಾಕಿದ ತಕ್ಷಣ ಚಪ್ಪಲಿ ಮೆಟ್ಟುತ್ತೇನೆ' ಎನ್ನಬೇಕು. ಜರ್ಮನಿಯ ಮನಃಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ 1990ರ ದಶಕದಿಂದ ಪರೀಕ್ಷಿಸುತ್ತ ಬಂದದ್ದು ಇದನ್ನೇ. ಯಾವಾಗ, ಎಲ್ಲಿ, ಹೇಗೆ ಎಂದು ಮೊದಲೇ ಗೊತ್ತುಮಾಡಿಕೊಂಡವರಲ್ಲಿ, ಬರೀ ಆಸೆ ಇಟ್ಟುಕೊಂಡವರಿಗಿಂತ ಹೆಚ್ಚು ಜನ ಕೆಲಸ ಮಾಡಿ ಮುಗಿಸುತ್ತಾರೆ.

ಗಡಿಯಾರವನ್ನು ಮಾತ್ರ ಗೂಟ ಮಾಡಿಕೊಳ್ಳಬೇಡಿ. ಗಾರ್ಮೆಂಟ್ಸ್, ಆಸ್ಪತ್ರೆ, ಸೆಕ್ಯೂರಿಟಿ ಕೆಲಸದವರಿಗೆ 8 ಗಂಟೆ ಎನ್ನುವುದು ಒಂದು ವಾರ ಊಟದ ಹೊತ್ತು, ಇನ್ನೊಂದು ವಾರ ಡ್ಯೂಟಿಯ ಹೊತ್ತು. ಊಟ ಮಾಡಿ ಕೈ ತೊಳೆಯುವುದು ಯಾವ ಶಿಫ್ಟಿನಲ್ಲೂ ತಪ್ಪುವುದಿಲ್ಲ, ಅಲ್ವಾ?

ಮಾತಿಗೂ ಗೂಟ ಸಿಗುತ್ತದೆ. ಬಟ್ಟೆ ಒಣಹಾಕಲು ತಾರಸಿಗೆ ಹೋದಾಗ ಅಕ್ಕನಿಗೋ ಹಳೇ ಗೆಳತಿಗೋ ಫೋನ್ ಮಾಡಿ. ಬಕೆಟ್ ಖಾಲಿಯಾಗುವಷ್ಟರಲ್ಲಿ ಮಾತೂ ಮುಗಿಯುತ್ತದೆ. ಮುಗಿಯದಿದ್ದರೆ ಇನ್ನೂ ಒಳ್ಳೆಯದು.

ನಗು ಬರುವಷ್ಟು ಚಿಕ್ಕದು ಮಾಡಿ

ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಲ್ಲಿಗೆ ನಿಧಾನವಾಗಿ ಹೋಗೋಣ. ಮೊದಲ ವಾರ ಬೀದಿ ಕೊನೆಯ ಅಂಗಡಿಯವರೆಗೆ ಹೋಗಿ ಬಂದರೆ ಸಾಕು. ಮಳೆ ಬಂದರೆ ಮನೆಯೊಳಗೇ ನಾಲ್ಕು ಸುತ್ತು. ಊಟದ ಮೇಲಿನ ಇಷ್ಟು ಸಣ್ಣ ನಡಿಗೆಯೂ ರಕ್ತದಲ್ಲಿ ಸಕ್ಕರೆ ಏರುವುದನ್ನು ಸ್ವಲ್ಪ ತಗ್ಗಿಸುತ್ತದೆ.

ಚಾರ್ಜರ್ ಎತ್ತಿಡಿ

ನಿದ್ದೆ ಆರಿಸಿಕೊಂಡವರು ಮನಸ್ಸಿನ ಜೊತೆ ಜಗಳಕ್ಕೆ ಇಳಿಯಬೇಡಿ. ದಿಂಬಿನ ಪಕ್ಕದ ಪ್ಲಗ್ಗಿನಿಂದ ಚಾರ್ಜರ್ ಕಿತ್ತು ಅಡುಗೆಮನೆಗೆ ಒಯ್ಯಿರಿ. ಮಿಕ್ಸಿಯ ಪಕ್ಕದ ಸ್ವಿಚ್‌ಬೋರ್ಡ್ ರಾತ್ರಿ ಖಾಲಿಯೇ ಇರುತ್ತದೆ. ಫಿಲ್ಟರಿಗೆ ಬಿಸಿನೀರು ಸುರಿದು ಮುಚ್ಚಳ ಹಾಕಿದ ಮೇಲೆ ಫೋನನ್ನು ಅಲ್ಲೇ ಚಾರ್ಜಿಗೆ ಹಾಕಿ ಬನ್ನಿ. ಫೋನ್ ಕೈಗೆಟುಕುವಂತಿದ್ದರೆ 'ಇದೊಂದು ರೀಲ್ ನೋಡಿ ಮಲಗ್ತೀನಿ' ಎಂದವರ ಬೆರಳು 12 ಹೊಡೆದರೂ ನಿಲ್ಲುವುದಿಲ್ಲ. ಅಡುಗೆಮನೆಯಲ್ಲಿದ್ದರೆ ಹೊದಿಕೆ ಸರಿಸಿ, ಎದ್ದು, ಲೈಟ್ ಹಾಕಿ ಹೋಗಬೇಕು. ಯಾರು ಏಳುತ್ತಾರೆ? ನಮ್ಮ ಸೋಮಾರಿತನ ಇಲ್ಲಿ ನಮ್ಮ ಪರವಾಗಿಯೇ ಕೆಲಸ ಮಾಡುತ್ತದೆ.

'ಅಲಾರಂಗೆ ಫೋನ್ ಬೇಕಲ್ಲ' ಎನ್ನುವುದು ಎಲ್ಲರೂ ಹೇಳುವ ನೆಪ. ಒಂದು ಸಾದಾ ಅಲಾರಂ ಗಡಿಯಾರ ತನ್ನಿ. ಊರಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದಾರೆ, ರಾತ್ರಿ ಫೋನ್ ಬಂದರೆ ಎಂಬ ಚಿಂತೆ ನಿಜವಾದದ್ದೇ. ರಿಂಗ್ ಜೋರಾಗಿಟ್ಟು, ಮೆಸೇಜುಗಳ ಸದ್ದು ಮಾತ್ರ ತೆಗೆಯಿರಿ.

ಮನೆಯವರಿಗೆ ಹೇಳಿಡಿ

'ತಟ್ಟೆ ಎತ್ತಿದ್ದಾಯ್ತು, ಚಪ್ಪಲಿ ಹಾಕ್ಕೊಳ್ಳಿ ಅಂದ್ರೆ' ಎಂದು ಹೆಂಡತಿ ಒಂದು ಮಾತು ಹೇಳಿದರೆ ಫೋನಿನ ರಿಮೈಂಡರ್ ಬೇಕಿಲ್ಲ. ಜೊತೆಗೆ ಅವರೂ ಹೊರಟರೆ ಇನ್ನೂ ಸಲೀಸು.

ಎಷ್ಟು ದಿನ ಬೇಕು?

21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂಬ ಮಾತು ವಾಟ್ಸ್‌ಆ್ಯಪಿನಲ್ಲಿ ದಿನಾ ಬರುತ್ತದೆ. ಅದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್. ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ 21 ದಿನ ಬೇಕಾಗುತ್ತದೆ ಎಂದು ಅವರು 1960ರಲ್ಲಿ ಬರೆದಿದ್ದರು. 'ಕನಿಷ್ಠ' ಎಂಬ ಮಾತು ದಾರಿಯಲ್ಲೆಲ್ಲೋ ಬಿದ್ದುಹೋಯಿತು. ವಾಕಿಂಗಿಗೂ ಮೂಗಿನ ಆಪರೇಷನ್ನಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ!

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದರು. ಊಟದ ಜೊತೆ ಹಣ್ಣು ತಿನ್ನುವಂಥ ಒಂದೊಂದು ಹೊಸ ಕೆಲಸವನ್ನು ಅವರು ದಿನಾ ಮಾಡಬೇಕಿತ್ತು. ಅದು ಕೈಗೆ ಒಗ್ಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನವೇ ಸಾಕು, ಇನ್ನು ಕೆಲವರಿಗೆ 254 ದಿನ ಬೇಕು ಎಂದು ಲೆಕ್ಕ ಹೇಳಿತು. ಹಾಗಾಗಿ ಪಕ್ಕದ ಮನೆಯವರಿಗೆ ಬೇಗ ಆಯಿತೆಂದು ತಲೆ ಕೆಡಿಸಿಕೊಳ್ಳಬೇಡಿ. ಮಧ್ಯೆ ಒಂದು ದಿನ ತಪ್ಪಿದ್ದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿ ಗೊತ್ತಾಯಿತು. ಮದುವೆ ಮನೆಗೆ ಹೋಗಿ ವಾಕಿಂಗ್ ತಪ್ಪಿತೇ? ಮಾರನೇ ದಿನ ತಟ್ಟೆ ಎತ್ತಿದ ಮೇಲೆ ಮತ್ತೆ ಹೊರಡಿ.

ಆದರೆ ಎರಡು ವಾರದಿಂದ ಯಾವುದರಲ್ಲೂ ಮನಸ್ಸಿಲ್ಲ, ಊಟ ನಿದ್ದೆ ಎರಡೂ ಕೆಟ್ಟಿವೆ ಎಂದರೆ ಅದಕ್ಕೆ ಅಭ್ಯಾಸದ ಪಾಠ ಸಾಲದು. ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಲೆಕ್ಕ ಇಡಲು ಆ್ಯಪ್ ಬೇಡ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ತಾರೀಕು ಬರೆದಿಡುವ ಗೋಡೆ ಕ್ಯಾಲೆಂಡರಿನಲ್ಲೇ ಒಂದು ಟಿಕ್ ಹಾಕಿ. ವಾಕಿಂಗ್ ಮುಗಿಸಿ ಬಂದರೂ ಟಿಕ್ ಹಾಕುವುದು ನೆನಪಾಗದ ದಿನಗಳು ಜಾಸ್ತಿಯಾದವು ಅನ್ನಿ. ಆಗ ಎರಡನೆಯ ಅಭ್ಯಾಸಕ್ಕೆ ಗೂಟ ಹುಡುಕಬಹುದು.