ಹೆಡ್ ಆಫೀಸ್ ಯುರೋಪಿನಲ್ಲಿ ಇಲ್ಲದಿದ್ದರೂ ಇಡಬ್ಲ್ಯುಸಿ ಕಟ್ಟಿದೆವು: ನನ್ನ ಅನುಭವ

2026ರ ಜನವರಿಯಲ್ಲಿ ನಮ್ಮ ಕಂಪನಿಯ ಯುರೋಪಿಯನ್ ವರ್ಕ್ಸ್ ಕೌನ್ಸಿಲ್ (ಇಡಬ್ಲ್ಯುಸಿ) ಒಪ್ಪಂದಕ್ಕೆ ಸಹಿ ಬಿತ್ತು. ಬೇರೆ ಬೇರೆ ದೇಶಗಳ ನೌಕರರ ಪ್ರತಿನಿಧಿಗಳು ಒಟ್ಟಿಗೆ ಕೂತು, ಕಂಪನಿಯ ದೊಡ್ಡ ನಿರ್ಧಾರಗಳ ಮಾಹಿತಿ ಪಡೆದು ಅಭಿಪ್ರಾಯ ಹೇಳುವ ಮಂಡಳಿ ಅದು. ವರ್ಷಕ್ಕೆ ಎರಡು ಸಭೆ, ಖರ್ಚೆಲ್ಲ ಕಂಪನಿಯದು. "ಹೆಡ್ ಆಫೀಸ್ ಯುರೋಪಿನಲ್ಲೇ ಇಲ್ಲ, ಇದು ಆಗೋ ಮಾತಲ್ಲ" ಅಂತ ನಮ್ಮ ಜರ್ಮನಿಯ ನೌಕರರ ಚುನಾಯಿತ ಮಂಡಳಿಯಾದ ಬೆಟ್ರೀಬ್ಸ್‌ರಾಟ್‌ನಲ್ಲೇ ಅರ್ಧ ಜನ ಹೇಳಿದ್ದರು. ಆಯಿತು, ಅದಕ್ಕೇ ಬರೆಯುತ್ತಿದ್ದೇನೆ. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ಒಟ್ಟು ಕನಿಷ್ಠ 1,000 ನೌಕರರು, ಎರಡು ದೇಶಗಳಲ್ಲಿ ತಲಾ 150 ಜನ ಇದ್ದರೆ ಇಡಬ್ಲ್ಯುಸಿ ಕೇಳಬಹುದು.

ಮೊದಲ ಸಲ ಪೂರ್ತಿ ಕೆಟ್ಟಿತು. 2022ರಲ್ಲಿ ಒಬ್ಬ ವಕೀಲರನ್ನು ಹಿಡಿದು ನೇರವಾಗಿ ಹೆಡ್ ಆಫೀಸಿಗೇ ಪತ್ರ ಹಾಕಿಸಿದೆವು. ಸುಮಾರು 1,800 ಯೂರೋ, ಐದು ಜನ ಜೇಬಿನಿಂದ ಹಾಕಿದ್ದು. ನಾಲ್ಕು ತಿಂಗಳಾದ ಮೇಲೆ ಬಂದ ಉತ್ತರ ಒಂದೇ ಸಾಲು: ಯುರೋಪಿನ ಕಾನೂನು ನಮಗೆ ಅನ್ವಯಿಸುವುದಿಲ್ಲ.

ಆಮೇಲೆ ನಾನೇ ಕೂತು ಇಡಬ್ಲ್ಯುಸಿ ಬಗ್ಗೆ ಯುರೋಪಿಯನ್ ಒಕ್ಕೂಟದ 2009ರ ನಿರ್ದೇಶನ (ಸದಸ್ಯ ದೇಶಗಳು ಜಾರಿ ಮಾಡಬೇಕಾದ ಕಾನೂನು) ಓದಿದೆ. 4ನೇ ವಿಧಿಯಲ್ಲೇ ಇತ್ತು. ಹೆಡ್ ಆಫೀಸ್ ಹೊರಗಿದ್ದು, ಪ್ರತಿನಿಧಿಯನ್ನೂ ನೇಮಿಸಿಲ್ಲದಿದ್ದರೆ, ಯಾವ ಸದಸ್ಯ ದೇಶದ ಘಟಕದಲ್ಲಿ ಅತಿ ಹೆಚ್ಚು ಜನರಿದ್ದಾರೋ ಅಲ್ಲಿನ ಮ್ಯಾನೇಜ್‌ಮೆಂಟೇ ಕೇಂದ್ರ ಮ್ಯಾನೇಜ್‌ಮೆಂಟ್. ಅಂದರೆ ನಮ್ಮ ತಲೆ ಮೇಲೆ ಎರಡು ಮಹಡಿ ಆಚೆ ಕೂರುವವರು! ಬೇರೆ ದೇಶದ ಸಿಬ್ಬಂದಿ ಲೆಕ್ಕ ನಮ್ಮ ಹತ್ತಿರ ಇಲ್ಲ ಅಂತಲೂ ಅವರು ಜಾರುವ ಹಾಗಿಲ್ಲ. ತರಿಸಿ ಕೊಡಬೇಕು ಅಂತ ಯುರೋಪಿಯನ್ ಕೋರ್ಟ್ 2004ರಲ್ಲೇ ಕ್ಯೂನೆ ಅಂಡ್ ನಾಗೆಲ್ ಕೇಸಿನಲ್ಲಿ ಹೇಳಿದೆ.

ಇನ್ನು ಮಾತುಕತೆ ಶುರು ಮಾಡಿ ಅಂತ ಕೇಳಲು ಎರಡು ದೇಶಗಳ ನೌಕರರಿಂದ ಬೇಕಾದ 100 ಸಹಿ. ಯಂತ್ರದಿಂದ ಪೋಲಿಷ್‌ಗೆ ಅನುವಾದ ಮಾಡಿ ಪೋಲೆಂಡಿನ ನಮ್ಮ ಕಾರ್ಖಾನೆಗೆ ಆನ್‌ಲೈನ್ ಫಾರ್ಮ್ ಕಳಿಸಿದೆ. ಮೂರು ವಾರಕ್ಕೆ 11 ಜನ. ಕೊನೆಗೆ ರಜೆ ಹಾಕಿ ರೈಲು ಹತ್ತಿದೆ. ಶಿಫ್ಟ್ ಬದಲಾಗುವ ಹೊತ್ತು, ಕ್ಯಾಂಟೀನ್. ಹಿರಿಯ ಮೆಷಿನಿಸ್ಟ್ ಒಬ್ಬರು ಸೂಪಿನ ಬಟ್ಟಲು ಪಕ್ಕಕ್ಕೆ ಸರಿಸಿ, ಹಾಳೆಯನ್ನು ಎರಡು ಸಲ ಓದಿದರು. ನನ್ನ ಪೆನ್ನಿನಿಂದಲೇ ಒಂದು ತಪ್ಪು ಪದ ತಿದ್ದಿ, ಆಮೇಲೆ ಸಹಿ ಹಾಕಿದರು. ಅವರ ಹಿಂದೆ ಸಾಲು ನಿಂತಿತು. ಒಂದೇ ಮಧ್ಯಾಹ್ನ ಅರವತ್ತಕ್ಕಿಂತ ಜಾಸ್ತಿ. ಆ ಮೇಜಿಗೆ ಮೊದಲು ಯಾರನ್ನು ಕರೆಯಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಇನ್ನೆರಡು ಕಂಪನಿಗಳ ಗೆಳೆಯರು ಈಗ ಅದೇ ಕೆಲಸದಲ್ಲಿದ್ದಾರೆ.

ಮಾತುಕತೆ ಎರಡು ವರ್ಷ ಎಳೆಯಿತು. ನಡುವೆ ಬೆಂಗಳೂರು ಆಫೀಸಿನವರನ್ನೂ ವೀಕ್ಷಕರಾಗಿ ಕೂರಿಸಿ ಅಂತ ಕೇಳಿ ನೋಡಿದೆ. ಒಪ್ಪಲಿಲ್ಲ. ಬ್ರೆಕ್ಸಿಟ್‌ನಿಂದ ಹೊರಬಿದ್ದ ಇಂಗ್ಲೆಂಡಿನವರಿಗೆ ಮಾತ್ರ ಎರಡು ಕುರ್ಚಿ ಸಿಕ್ಕಿತು.

ಗಂಟು ಬಿಡಿಸಿದ್ದು 2025ರ ಹೊಸ ನಿರ್ದೇಶನ. ಒಪ್ಪಂದವಿಲ್ಲದ ಕಡೆ ವರ್ಷಕ್ಕೆ ಒಂದಲ್ಲ, ಎರಡು ಸಭೆ. ನಿರ್ಧಾರಕ್ಕೆ ಮೊದಲೇ ನಮ್ಮ ಅಭಿಪ್ರಾಯಕ್ಕೆ ಕಾರಣ ಸಮೇತ ಲಿಖಿತ ಉತ್ತರ. ಸುಮ್ನೆ "ಗೌಪ್ಯ" ಅಂದರೆ ಆಗದು, ಯಾಕೆ ಅಂತ ಹೇಳಬೇಕು. ಜಾರಿ 2029ರ ಜನವರಿ 2ರಿಂದ. "ಆಗ ನೋಡೋಣ" ಅಂದರು. ದುಭಾಷಿ, ಹೋಟೆಲ್ ಸೇರಿ ಒಂದು ಸುತ್ತಿನ ಮಾತುಕತೆಗೆ ಸುಮಾರು ಹತ್ತು ಸಾವಿರ ಯೂರೋ ಆಗಿತ್ತು. ಈಗ ಹಳೇ ನಿಯಮಕ್ಕೆ ಸಹಿ ಹಾಕಿ, ಆಗ ಎಲ್ಲವನ್ನೂ ಮತ್ತೆ ಮಾಡುತ್ತೀರಾ ಅಂತ ಆ ಲೆಕ್ಕವನ್ನು ಮುಂದಿಟ್ಟೆ. ಎರಡು ವಾರದಲ್ಲಿ ಒಪ್ಪಿದರು.

ಸಮಾಲೋಚನೆ ಮುಗಿಯುವ ತನಕ ನಿರ್ಧಾರವನ್ನು ತಡೆಹಿಡಿಯುವ ಅಧಿಕಾರ ಮಾತ್ರ ದಕ್ಕಲಿಲ್ಲ. ಯುರೋಪಿಯನ್ ಪಾರ್ಲಿಮೆಂಟ್ ಕೇಳಿತ್ತು, ಕೊನೆಯ ಪಠ್ಯದಲ್ಲಿ ಬಿಟ್ಟುಹೋಯಿತು. ಅದು ಈಗಲೂ ಚುಚ್ಚುತ್ತದೆ. ಯಾಕೆಂದರೆ ನಮ್ಮ ಮೊದಲ ಸಭೆಯ ಮೊದಲ ವಿಷಯವೇ ಪೋಲೆಂಡಿನ ಎರಡನೇ ಅಸೆಂಬ್ಲಿ ಲೈನ್. ಆ ಮೆಷಿನಿಸ್ಟ್ ನಿಲ್ಲುವುದು ಅದೇ ಲೈನಿನಲ್ಲಿ.