ಮರದ ಫೀಲ್ಡ್ ಕ್ಯಾಮೆರಾ ಕೊಳ್ಳುವಾಗ ಬೆನ್ನು ನೋಡಿ: ನನ್ನ ಅನುಭವ

ಹಾಸನದ ಕಡೆ ಒಂದೂರಿನಲ್ಲಿ ಹಳೇ ಸ್ಟುಡಿಯೋ ಮುಚ್ಚುತ್ತಿದ್ದಾರೆ, ಫೀಲ್ಡ್ ಕ್ಯಾಮೆರಾ, ಅಂದರೆ ಮಡಚಿ ಹೊರಗೆ ಒಯ್ಯುವ ಮರದ ಕ್ಯಾಮೆರಾ, ಮಾರಾಟಕ್ಕಿದೆಯಂತೆ ಎಂದು ಗೆಳೆಯ ಹೇಳಿದ. ಮಾರನೇ ದಿನವೇ ಬಸ್ಸು ಹತ್ತಿದೆ. ತೇಗದ ಮೈ, ಹಿತ್ತಾಳೆಯ ತಿರುಪುಗಳು, ಕಮ್ಮಾರನ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುವ ಕಪ್ಪು ಬೆಲ್ಲೋಸ್. ಹಾಫ್ ಪ್ಲೇಟ್ ಅಳತೆ, ಅಂದರೆ ನಾಲ್ಕೂಮುಕ್ಕಾಲು ಇಂಚಿಗೆ ಆರೂವರೆ ಇಂಚು. ಯಜಮಾನರು 6,500 ರೂಪಾಯಿ ಹೇಳಿದರು, ನಾನು ಚೌಕಾಸಿ ಮಾಡಲಿಲ್ಲ.

"ಸ್ಲೈಡು ಮೂರಿದ್ವು ಸ್ವಾಮಿ, ಅಟ್ಟದ ಮೇಲೆ ಎಲ್ಲೋ ಸೇರ್ಕೊಂಡವೆ. ಸಿಕ್ರೆ ಫೋನ್ ಮಾಡ್ತೀನಿ" ಅಂದರು. ಸ್ಲೈಡು ಎಂದರೆ ಲೇಪನದ ಗಾಜಿನ ಪ್ಲೇಟನ್ನೋ ಫಿಲಂ ಹಾಳೆಯನ್ನೋ ಕತ್ತಲಲ್ಲಿ ತುಂಬಿ ಕ್ಯಾಮೆರಾದ ಬೆನ್ನಿಗೆ ಸೇರಿಸುವ ಚಪ್ಪಟೆ ಡಬ್ಬಿ. ಆಗಲಿ ಸಾರ್ ಅಂದು ಹೊರಟುಬಿಟ್ಟೆ. ಆ ಮಾತನ್ನು ಅಲ್ಲೇ ನಿಂತು ಯೋಚಿಸಿದ್ದರೆ ನನಗೆ ಒಂದು ವರ್ಷ ಉಳಿಯುತ್ತಿತ್ತು.

ದಕ್ಷಿಣದ ಹಳೇ ಸ್ಟುಡಿಯೋಗಳ ಮರದ ಕ್ಯಾಮೆರಾ ಅಂದಾಗಲೆಲ್ಲ ವಾಗೀಶ್ವರಿ ಎಂಬ ಹೆಸರಿನ ಕ್ಯಾಮೆರಾಗಳ ಮಾತು ಬರುತ್ತದೆ. ಕೇರಳದ ಆಲಪ್ಪುಳದಲ್ಲಿ ಕರುಣಾಕರನ್ ಎಂಬವರು 1940ರ ದಶಕದಲ್ಲಿ ಇವನ್ನು ತಯಾರಿಸಲು ಶುರು ಮಾಡಿದರು. ಅವರದು ಸಂಗೀತ ವಾದ್ಯಗಳ ಕೆಲಸ ಮಾಡುವ ಮನೆ. ಬೆಲ್ಲೋಸ್ ಕೆಟ್ಟ ಒಂದು ಕ್ಯಾಮೆರಾ ಅಲ್ಲಿಗೆ ರಿಪೇರಿಗೆ ಬಂದದ್ದೇ ಇದಕ್ಕೆಲ್ಲ ಮೂಲ. ಹಾರ್ಮೋನಿಯಂ ತಿದಿ ಬಲ್ಲ ಕೈಗೆ ಕ್ಯಾಮೆರಾದ ತಿದಿ ಒಲಿಯಿತು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ನನ್ನ ಕ್ಯಾಮೆರಾದ ಮೇಲೆ ಹೆಸರಿನ ತಗಡು ಇರಲಿಲ್ಲ, ಆದ್ದರಿಂದ ಅದು ಯಾರ ಕೈಯ ಕೆಲಸ ಎಂದು ಹೇಳಲಾರೆ. ಕೆಲಸ ಮಾತ್ರ ಅಚ್ಚುಕಟ್ಟು.

ತೊಂದರೆ ಬೆನ್ನಿನಲ್ಲಿತ್ತು. ಆ ಕಾಲದ ಮರದ ಕ್ಯಾಮೆರಾಗಳಿಗೆ ಸ್ಲೈಡನ್ನು ಆಯಾ ಕ್ಯಾಮೆರಾಕ್ಕೇ ಹೊಂದುವಂತೆ ಮಾಡುತ್ತಿದ್ದರು. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ, ಕೂತರೂ ಬೆಳಕು ಸೋರುತ್ತದೆ. ಇಂದು ಎಲ್ಲರೂ ಬಳಸುವ 4×5 ಇಂಚಿನ ಫಿಲಂ ಹೋಲ್ಡರಿನ ಕತೆ ಬೇರೆ. ಅದು ಯಾವ ಕಂಪನಿಯದಾದರೂ ಅಳತೆ ಒಂದೇ, ಫಿಲಂ ಕೂರುವ ಆಳವೂ ಒಂದೇ, 0.197 ಇಂಚು. ನಮ್ಮ ಲೆಕ್ಕದಲ್ಲಿ 5 ಮಿಲಿಮೀಟರ್.

ಈ 5 ಮಿಲಿಮೀಟರ್ ನನಗೆ ಪಾಠ ಕಲಿಸಿತು. ಪರಿಚಯದ ಬಡಗಿಯೊಬ್ಬರ ಹತ್ತಿರ ಹಳೇ ಕ್ಯಾಮೆರಾಕ್ಕೆ 4×5 ಹೋಲ್ಡರ್ ಹಿಡಿಯುವ ಹೊಸ ಬೆನ್ನು ಮಾಡಿಸಿದೆ. ಮರಗೆಲಸದಲ್ಲಿ ಕುಂದಿರಲಿಲ್ಲ, ಅಳತೆ ಬರೆದುಕೊಟ್ಟ ನಾನೇ ತಪ್ಪಿದ್ದೆ. ಮನೆಯ ಅಂಗಳದಲ್ಲಿ ನಿಂತು ಸುಮಾರು 26 ಅಡಿ ದೂರದ ಮುಂಬಾಗಿಲಿಗೆ ಫೋಕಸ್ ಮಾಡಿ ತೆಗೆದೆ. ನೆಗೆಟಿವ್ ತೊಳೆದು ನೋಡಿದರೆ ಬಾಗಿಲು ಮಸುಕು, 15 ಅಡಿಯಲ್ಲಿದ್ದ ತುಳಸಿಕಟ್ಟೆಯ ಗಾರೆಯ ಬಿರುಕು ಎಳೆಎಳೆಯಾಗಿ ಕಾಣುತ್ತಿದೆ. ಎರಡನೇ ಸಲವೂ ಹಾಗೇ. ವರ್ನಿಯರ್ ತಂದು ಅಳೆದಾಗ ಗೊತ್ತಾಯಿತು: ಫೋಕಸ್ ನೋಡುವ ಮಬ್ಬು ಗಾಜಿನ (ಗ್ರೌಂಡ್ ಗ್ಲಾಸ್) ಉಜ್ಜಿದ ಮುಖ ಇರುವ ಜಾಗಕ್ಕಿಂತ ಫಿಲಂ 2 ಮಿಲಿಮೀಟರ್ ಹಿಂದೆ ಕೂರುತ್ತಿತ್ತು. 150 ಮಿಲಿಮೀಟರ್ ಲೆನ್ಸಿಗೆ ಆ ಎರಡೇ ಮಿಲಿಮೀಟರ್ ಸಾಕು, ಬಾಗಿಲಿನ ಫೋಕಸ್ ತುಳಸಿಕಟ್ಟೆಗೆ ಬಂದುಬಿಡುತ್ತದೆ.

ಅಷ್ಟರಲ್ಲಿ ಬೆಲ್ಲೋಸ್ ಕೂಡ ಕೈಕೊಟ್ಟಿತ್ತು. ರಾತ್ರಿ ದೀಪ ಆರಿಸಿ, ಬೆಲ್ಲೋಸಿನೊಳಗೆ ಮೊಬೈಲ್ ಟಾರ್ಚ್ ಇಟ್ಟು, ಪೂರ್ತಿ ಎಳೆದು, ಕಣ್ಣು ಕತ್ತಲಿಗೆ ಹೊಂದುವವರೆಗೆ ಕಾದು ನೋಡಬೇಕು. ಮಡಿಕೆಯ ಮೂಲೆಗಳಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ಬೆಳಕಿನ ಚುಕ್ಕೆಗಳು, ಎಣಿಸಿದರೆ ಹದಿನಾಲ್ಕು. ಕಪ್ಪು ಫ್ಯಾಬ್ರಿಕ್ ಪೇಂಟಿನಿಂದ ಒಂದೊಂದನ್ನೇ ಮುಚ್ಚಿದೆ, ಒಣಗಿದ ಮೇಲೆ ಮತ್ತೊಮ್ಮೆ ಟಾರ್ಚ್ ಇಟ್ಟೆ. ಹಳೇ ಕ್ಯಾಮೆರಾ ಕೊಳ್ಳುವವರು ಈ ಪರೀಕ್ಷೆಯನ್ನು ದುಡ್ಡು ಕೊಡುವ ಮೊದಲೇ ಮಾಡಿ. ಮಾರುವವರು ಬೇಡ ಅಂದರೆ ಎದ್ದು ಬನ್ನಿ. ಮುಂದೆ ಒಂದು ಚಂದದ ಕ್ಯಾಮೆರಾವನ್ನು ನಾನು ಬಿಟ್ಟು ಬಂದದ್ದು ಇದೇ ಕಾರಣಕ್ಕೆ.

ಹೀಗೆ ಒಂದು ವರ್ಷ ಕಳೆದು, ಕೆಲಸಕ್ಕೆ ಬರುವ 4×5 ಮರದ ಕ್ಯಾಮೆರಾ ಹುಡುಕತೊಡಗಿದೆ. ಲೆನ್ಸ್, ಹೋಲ್ಡರ್ ಎಲ್ಲ ಸೇರಿ 60,000 ರೂಪಾಯಿ ದಾಟಬಾರದು ಎಂದು ಗೆರೆ ಎಳೆದುಕೊಂಡೆ. ಜಪಾನಿನ ತಾಚಿಹಾರಾ ಮನಸ್ಸಿಗೆ ಹಿಡಿಸಿತ್ತು. ಚೆರ್ರಿ ಮರ, ಹಗುರ, ಮಡಚಿದರೆ ಪುಸ್ತಕದ ಕಟ್ಟಿನಷ್ಟು. ಆದರೆ ಒಳ್ಳೆಯ ಸ್ಥಿತಿಯಲ್ಲಿದ್ದ ಒಂದೇ ಒಂದಕ್ಕೆ ನನ್ನ ಹಣವೆಲ್ಲ ಬೇಕಾಗುತ್ತಿತ್ತು. ಶಾಂಘೈನ ಶೆನ್ ಹಾವ್ ಗಟ್ಟಿಮುಟ್ಟು, ಹಿಂದೆ ಮುಂದೆ ಎರಡೂ ಕಡೆ ಬೇಕಾದಷ್ಟು ಚಲನೆ (ಲೆನ್ಸನ್ನೂ ಬೆನ್ನನ್ನೂ ಸರಿಸುವ, ವಾಲಿಸುವ ಸೌಕರ್ಯ), ಆದರೆ ನಾನು ನೋಡಿದ್ದು 2 ಕೆಜಿ ದಾಟುತ್ತಿತ್ತು. ನನ್ನದು ಬೆಟ್ಟ ಹತ್ತುವ ಕೆಲಸ. ಷಮೋನಿ ಎಂಬ ಇನ್ನೊಂದು ಕ್ಯಾಮೆರಾದ ಬೆಲೆ ಕೇಳಿ ಸುಮ್ಮನಾದೆ. ಇಂಗ್ಲೆಂಡಿನ ಬ್ರೈಟನ್‌ನಲ್ಲಿ ತಯಾರಾಗುವ ಇಂಟ್ರೆಪಿಡ್ 2014ರಲ್ಲಿ ಜನರಿಂದ ಹಣ ಕೂಡಿಸಿ ಶುರುವಾದ ಕೆಲಸ. ಬರ್ಚ್ ಪ್ಲೈವುಡ್, ಸುಮಾರು 1.2 ಕೆಜಿ. ಬೆನ್ನಿನಲ್ಲಿ ಚಲನೆ ಕಡಿಮೆ, ತೇಗದ ಮೆರುಗಿಲ್ಲ. ನಾನು ಆರಿಸಿದ್ದು ಇದನ್ನೇ. ಹೊರದೇಶದಿಂದ ತರಿಸಿದರೆ ಸಾಗಣೆ ಖರ್ಚಿನ ಜೊತೆಗೆ ಕಸ್ಟಮ್ಸ್ ಸುಂಕವೂ ಬೀಳುತ್ತದೆ. ಅದಕ್ಕೇ ಬೆಂಗಳೂರಿನಲ್ಲಿ ಒಬ್ಬರು ಬಳಸಿ ಮಾರುತ್ತಿದ್ದದ್ದನ್ನು 24,000ಕ್ಕೆ ಕೊಂಡೆ.

ಅವರ ಮನೆಯ ಊಟದ ಮೇಜಿನ ಮೇಲೆ ಒಂದು ಗಂಟೆ ಕೂತು ನೋಡಿದೆ. ಬೆಲ್ಲೋಸಿಗೆ ಟಾರ್ಚ್ ಆಯಿತು. ನನ್ನದೇ ಹೋಲ್ಡರ್ ಒಯ್ದಿದ್ದೆ, ಅದನ್ನು ಹತ್ತು ಸಲ ಹಾಕಿ ತೆಗೆದೆ. ಪ್ರತಿ ಸಲವೂ ಕೊನೆಯಲ್ಲಿ ಹೋಲ್ಡರಿನ ಏಣು ಬೆನ್ನಿನ ತೋಡಿನಲ್ಲಿ ಬಿದ್ದು "ಟಕ್" ಅಂದಿತು. ಎಲ್ಲ ತಿರುಪು ಬಿಗಿ ಮಾಡಿ ಲೆನ್ಸ್ ಹಲಗೆಯನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಅಲ್ಲಾಡಿಸಿದೆ. ಹಗುರ ಕ್ಯಾಮೆರಾ ಯಾರದೇ ಆಗಲಿ ಒಂಚೂರು ಬಾಗುತ್ತದೆ. ಬಿಟ್ಟ ಮೇಲೆ ಮೊದಲಿನ ಜಾಗಕ್ಕೇ ಬರುತ್ತದೋ ಇಲ್ಲವೋ ಎಂಬುದೇ ಮುಖ್ಯ. ಲೆನ್ಸ್ ಹಲಗೆ ಲಿನ್ಹಾಫ್ ಮಾದರಿಯದು, 96×99 ಮಿಲಿಮೀಟರ್. ಆ ಹಲಗೆ ಎಲ್ಲ ಕಡೆ ಸಿಗುತ್ತದೆ, ಮುಂದೆ ಕ್ಯಾಮೆರಾ ಬದಲಿಸಿದರೂ ಲೆನ್ಸ್ ಹಾಗೇ ಎತ್ತಿ ಹಾಕಿಕೊಳ್ಳಬಹುದು.

ಲೆನ್ಸ್ ಶ್ನೈಡರ್ ಸಿಮ್ಮಾರ್-ಎಸ್ 150 ಎಂಎಂ, ಕೋಪಾಲ್ 0 ಶಟರ್. ಲೆನ್ಸಿನ ಕಿಂಡಿಯನ್ನು ಎಫ್22ಕ್ಕೆ ಕಿರಿದು ಮಾಡಿದರೆ ಇದು 210 ಮಿಲಿಮೀಟರ್ ಅಗಲದ ದುಂಡು ಬಿಂಬ ಕೊಡುತ್ತದೆ. 4×5ರ ಕರ್ಣಕ್ಕೆ 155 ಸಾಕು, ಉಳಿದದ್ದೆಲ್ಲ ಲೆನ್ಸನ್ನು ಮೇಲೆ ಕೆಳಗೆ ಸರಿಸುವುದಕ್ಕೆ. ದೇವಸ್ಥಾನ, ಗೋಪುರ ತೆಗೆಯುವವರಿಗೆ ಬೇಕಾದ ಚಲನೆ ಇದೊಂದೇ. ಹೊಸದಾಗಿ ಕೊಳ್ಳುವವರು ಹತ್ತಾರು ಚಲನೆಗಳ ಪಟ್ಟಿ ನೋಡಿ ಮರುಳಾಗುವುದನ್ನು ಕಂಡಿದ್ದೇನೆ. ನಾನಂತೂ ಮೂರು ವರ್ಷದಲ್ಲಿ ಬೆನ್ನನ್ನು ವಾಲಿಸಿದ್ದು ನಾಲ್ಕೈದು ಸಲ ಮಾತ್ರ.

ಕ್ಯಾಮೆರಾಕ್ಕಿಂತ ಫಿಲಂ ಹೆಚ್ಚು ಹಣ ತಿನ್ನುತ್ತದೆ. ಇಲ್ಫರ್ಡ್ ಕಂಪನಿಯ ಫಿಲಂ ಹಾಳೆ ನನಗೆ ಒಂದಕ್ಕೆ 250 ರೂಪಾಯಿ ದಾಟಿತು. ಅದಕ್ಕೇ ಕಲಿಯುವ ದಿನಗಳಲ್ಲಿ ಎಕ್ಸ್-ರೇ ಫಿಲಂ ಬಳಸಿದೆ. 8×10 ಇಂಚಿನ ಹಾಳೆಯನ್ನು ಕೆಂಪು ದೀಪದಲ್ಲಿ ನಾಲ್ಕು ತುಂಡು ಮಾಡಿದರೆ ಒಂದಕ್ಕೆ 10 ರೂಪಾಯಿ ಆಸುಪಾಸು. ಸರಿಯಾಗಿ ಅರ್ಧ ಮಾಡಿದರೆ ಕೂದಲೆಳೆಯಷ್ಟು ಅಗಲವಾಗಿ ಹೋಲ್ಡರಿನಲ್ಲಿ ಕಚ್ಚುತ್ತದೆ, ಅಂಚನ್ನು ಇನ್ನಷ್ಟು ಕತ್ತರಿಸಬೇಕು. ಎರಡೂ ಬದಿಗೆ ಲೇಪನ ಇರುವುದರಿಂದ ಟ್ರೇನ ತಳಕ್ಕೆ ತಾಗಿದರೆ ಗೀರು ಬೀಳುತ್ತದೆ. ತಳದಲ್ಲಿ ನಯವಾದ ಗಾಜು ಹಾಕಿದ ಮೇಲೆ ಕಡಿಮೆಯಾಯಿತು. ಕೆಂಪು ಬಣ್ಣ ಅದಕ್ಕೆ ಕಾಣುವುದಿಲ್ಲ, ನಮ್ಮ ಕೆಮ್ಮಣ್ಣು ಕಪ್ಪಗೆ ಬರುತ್ತದೆ.

ಮೇಲುಕೋಟೆಯ ರಾಯಗೋಪುರದ ಮುಂದೆ ಮೊದಲ ಬಾರಿ ಈ ಕ್ಯಾಮೆರಾ ಬಿಚ್ಚಿದ್ದು ಬೆಳಿಗ್ಗೆ ಆರೂವರೆಗೆ. ಪೂರ್ತಿಯಾಗದೆ ನಿಂತ ಆ ಎತ್ತರದ ಕಂಬಗಳನ್ನು ಸಾಮಾನ್ಯ ಕ್ಯಾಮೆರಾ ತಲೆಯೆತ್ತಿ ನೋಡಿದರೆ ಒಳಕ್ಕೆ ಬಾಗಿದಂತೆ ಕಾಣುತ್ತವೆ. ಕರಿ ಬಟ್ಟೆ ಹೊದ್ದು, ಬೆನ್ನನ್ನು ನೆಟ್ಟಗೆ ನಿಲ್ಲಿಸಿ, ಲೆನ್ಸನ್ನು ಒಂದು ಇಂಚು ಮೇಲಕ್ಕೆ ಸರಿಸಿದೆ. ಗಾಜಿನ ಮೇಲೆ ತಲೆಕೆಳಗಾಗಿ ನಿಂತಿದ್ದ ಕಂಬಗಳ ತುದಿ ಚೌಕಟ್ಟಿನೊಳಗೆ ಏರಿ ಬಂತು, ನಾಲ್ಕೂ ಗೆರೆ ನೇರ. ಗಾಳಿ ನಿಲ್ಲಲೆಂದು ಹತ್ತು ನಿಮಿಷ ಕಾದು ಶಟರಿನ ಕೇಬಲ್ ಒತ್ತಿದೆ. ಆ ನೆಗೆಟಿವಿನಲ್ಲಿ ಕಲ್ಲಿನ ಉಳಿಪೆಟ್ಟುಗಳನ್ನು ಎಣಿಸಬಹುದು.

ಹೋದ ವರ್ಷ ಹಾಸನದಿಂದ ಫೋನ್ ಬಂತು. "ಸ್ಲೈಡು ಸಿಕ್ವು ಸ್ವಾಮಿ, ಎರಡು. ಒಂದನ್ನ ಗೆದ್ದಲು ತಿಂದೈತೆ." ಹೋಗಿ ತಂದೆ, ದುಡ್ಡು ಮುಟ್ಟಲಿಲ್ಲ ಅವರು. ಗಾಜಿನ ಪ್ಲೇಟಿಗೆಂದು ಮಾಡಿದ್ದು, ತೆಳು ಫಿಲಂ ಒಳಗೆ ಅಲ್ಲಾಡುತ್ತದೆ. ಹಿಂದೆ ಒಂದು ತೆಳು ಗಾಜು ಇಟ್ಟರೆ ಫಿಲಂ ಮುಂದಿನ ಅಂಚಿಗೆ ಒತ್ತಿ ನಿಲ್ಲುತ್ತದೆ, ಫೋಕಸ್ ತಪ್ಪುವುದಿಲ್ಲ. 8×10ರ ಎಕ್ಸ್-ರೇ ಹಾಳೆಯಲ್ಲಿ ಹಾಫ್ ಪ್ಲೇಟ್ ಎರಡು ಸಿಗುತ್ತವೆ. ಮೊದಲ ಹಾಳೆಯಲ್ಲಿ ಅವರನ್ನೇ ಅವರ ಮುಚ್ಚಿದ ಅಂಗಡಿಯ ಬಾಗಿಲಲ್ಲಿ ಕೂರಿಸಿ ತೆಗೆದೆ.